ಕಾರ್ಪೆಟ್ ಟ್ರ್ಯಾಕ್‌ನ ಆರ್‌ಸಿ ಕಾರು: ನೀವು ಕೇಳಿದ್ದು, ನಾವು ಹೇಳುವುದು

ಚಳಿ ಶುರುವಾಯಿತೆಂದರೆ ಅಮೆರಿಕದ ಓಹಾಯೊ, ಮಿಷಿಗನ್, ನ್ಯೂಯಾರ್ಕ್ ಕಡೆಯ ರೇಡಿಯೋ ಕಂಟ್ರೋಲ್ ಕಾರಿನವರೆಲ್ಲ ಸೂರಿನಡಿ ಸೇರುತ್ತಾರೆ. ಹೊರಗೆ ಹಿಮ, ಒಳಗೆ ಬೂದು ಇಲ್ಲವೇ ಕಪ್ಪು ಕಾರ್ಪೆಟ್. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಕ್ಲೀವ್‌ಲ್ಯಾಂಡ್ ಆಸುಪಾಸಿನಲ್ಲಿ ಯು.ಎಸ್. ಇಂಡೋರ್ ಚಾಂಪಿಯನ್‌ಶಿಪ್, ಚಳಿಗಾಲದ ನಡುವೆ ಫ್ಲಾರಿಡಾದಲ್ಲಿ ಸ್ನೋಬರ್ಡ್ ನ್ಯಾಷನಲ್ಸ್. ಅಲ್ಲಿನ ಕನ್ನಡಿಗ ಓದುಗರ ಜೊತೆಗೆ ಬೆಂಗಳೂರಿನವರೂ ಪ್ರಶ್ನೆ ಕಳಿಸಿದ್ದಾರೆ. ಒಂದೇ ವಿಷಯ ಕೇಳಿದವರನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಮಗನಿಗೆ 13 ವರ್ಷ. ಮನೆ ಮುಂದೆ ಅಂಗಡಿಯ ರೆಡಿಮೇಡ್ ಆರ್‌ಸಿ ಕಾರು ಓಡಿಸಿ ರೂಢಿಯಿದೆ. ಮುಂದಿನ ಥ್ಯಾಂಕ್ಸ್‌ಗಿವಿಂಗ್ ಪಂದ್ಯಕ್ಕೆ ಸೇರಿಸೋಣ ಅಂತಿದ್ದೇವೆ. ಯಾವ ಕ್ಲಾಸ್, ಯಾವ ಕಾರು ತೆಗೆದುಕೊಳ್ಳಬೇಕು?
— ಕೊಲಂಬಸ್, ಓಹಾಯೊ

ಕಾರು ಕೊಳ್ಳುವ ಮೊದಲು ಹತ್ತಿರದ ಕಾರ್ಪೆಟ್ ಕ್ಲಬ್ಬಿಗೆ ಒಂದು ಭಾನುವಾರ ಹೋಗಿ ಬರೀ ನೋಡಿ. ಯಾವ ಕ್ಲಾಸಿನಲ್ಲಿ ಎಂಟು ಹತ್ತು ಕಾರು ನಿಲ್ಲುತ್ತವೋ ಅದೇ ನಿಮ್ಮ ಕ್ಲಾಸ್. ಆ ಟ್ರ್ಯಾಕಿನ ಅಂಗಡಿಯಲ್ಲಿ ಯಾವ ಕಂಪನಿಯ ಬಿಡಿಭಾಗ ಗೋಡೆ ತುಂಬ ನೇತಾಡುತ್ತಿದೆಯೋ ಅದೇ ನಿಮ್ಮ ಕಾರು. ಎಕ್ಸ್‌ರೇ, ಅಸೋಸಿಯೇಟೆಡ್, ಯೊಕೊಮೊ, ಶೂಮಾಕರ್, ಆಸಮ್ಯಾಟಿಕ್ಸ್ ಇವುಗಳಲ್ಲಿ ಕೆಟ್ಟ ಕಾರು ಅನ್ನುವುದಿಲ್ಲ. ಶನಿವಾರ ಸಂಜೆ ಮುರಿದ ಆರ್ಮ್ ಭಾನುವಾರ ಬೆಳಿಗ್ಗೆ ಸಿಗದ ಕಾರೇ ಕೆಟ್ಟ ಕಾರು.

ಹೊಸಬರಿಗೆ ನಾವು ಸಾಮಾನ್ಯವಾಗಿ ಎರಡು ದಾರಿ ಹೇಳುತ್ತೇವೆ. ಮೊದಲನೆಯದು ವಿಂಟೇಜ್ ಟ್ರಾನ್ಸ್-ಆ್ಯಮ್, ಅಂದರೆ ವಿಟಿಎ. 1:10 ಅಳತೆಯ ಫೋರ್ ವೀಲ್ ಡ್ರೈವ್ ಕಾರಿಗೆ 1960ರ ದಶಕದ ಕೊನೆಯ ಮಸ್ಟ್ಯಾಂಗ್, ಕಮಾರೋ ತರಹದ ಬಾಡಿ, 25.5 ಟರ್ನ್ ಮೋಟರ್, ಎರಡು ಸೆಲ್ಲಿನ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಎಲ್ಲರಿಗೂ ಒಂದೇ ಟೈರು, ಕನಿಷ್ಠ ತೂಕ 1550 ಗ್ರಾಂ. ಕಾರು ನಿಧಾನ, ಗುದ್ದಿದರೂ ಕಡಿಮೆ ಮುರಿಯುತ್ತದೆ, ಹುಡುಗ ಲೈನ್, ಅಂದರೆ ತಿರುವುಗಳಲ್ಲಿ ಹಿಡಿಯಬೇಕಾದ ದಾರಿ, ಕಲಿಯುತ್ತಾನೆ. ಎರಡನೆಯದು 17.5 ಟರ್ನ್ ಟೂರಿಂಗ್ ಕಾರು, ಇದೂ 1:10 ಫೋರ್ ವೀಲ್ ಡ್ರೈವ್, ಬಾಡಿ ಮಾತ್ರ ಸೆಡಾನ್ ತರಹದ್ದು. ಇದು ಪಂದ್ಯಗಳ ಬೆನ್ನೆಲುಬು, ಪೈಪೋಟಿಯೂ ಇಲ್ಲೇ ಜಾಸ್ತಿ. ಟರ್ನ್ ಅಂದರೆ ಮೋಟರ್ ಒಳಗಿನ ತಂತಿಯ ಸುತ್ತು. ಸುತ್ತು ಹೆಚ್ಚಾದಷ್ಟೂ ಮೋಟರ್ ನಿಧಾನ. ಮಾಡಿಫೈಡ್ ಕ್ಲಾಸಿನ 4.5 ಟರ್ನ್ ನೋಡಿ ಮಗ ಮರುಳಾದರೆ ಎರಡು ವರ್ಷ ಮುಂದೂಡಿ.

ಮೂರ್ನಾಲ್ಕು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಟೂರಿಂಗ್ ಕಾರು ಧಾರಾಳವಾಗಿ ಸಾಕು. ಉಳಿಸಿದ ದುಡ್ಡನ್ನು ಎರಡು ಸೆಟ್ ಟೈರು, ಮುಂದಿನ ಚಕ್ರ ತಿರುಗಿಸುವ ಒಳ್ಳೆಯ ಲೋ ಪ್ರೊಫೈಲ್ ಸರ್ವೋ, ನಂಬಿಕಸ್ಥ ಚಾರ್ಜರ್ ಮತ್ತು ಸುತ್ತು ಎಣಿಸಲು ಬೇಕಾದ ಸ್ವಂತ ಟ್ರಾನ್ಸ್‌ಪಾಂಡರಿಗೆ ಹಾಕಿ. ಬಿಡಿಭಾಗಗಳಲ್ಲಿ ಮೊದಲ ದಿನದಿಂದಲೇ ಡಬ್ಬಿಯಲ್ಲಿರಬೇಕಾದದ್ದು: ಮುಂದಿನ ಸಸ್ಪೆನ್ಷನ್ ಆರ್ಮ್ ಒಂದು ಜೊತೆ, ಸ್ಟೀರಿಂಗ್ ಬ್ಲಾಕ್, ಸಿ-ಹಬ್, ಬಾಲ್ ಕಪ್ಪುಗಳು, ಮುಂದಿನ ಫೋಮ್ ಬಂಪರ್, ಒಂದು ಸ್ಪರ್ ಗೇರ್. ಹಿಂದಿನ ಭಾಗ ಮುರಿಯುವುದು ಅಪರೂಪ. ತಿರುವಿನ ಒಳಗಿನ ಹಲಗೆಗೆ ಬಡಿಯುವುದು ಯಾವಾಗಲೂ ಮುಂದಿನ ಚಕ್ರವೇ.

ಟೈರಿಗೆ ಹಚ್ಚುವ 'ಸಾಸ್' ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಷ್ಟು ಹೊತ್ತು, ಎಲ್ಲೆಲ್ಲಿ ಹಚ್ಚಬೇಕು? ಹಚ್ಚದಿದ್ದರೆ ಏನಾಗುತ್ತದೆ?
— ಎಡಿಸನ್, ನ್ಯೂಜೆರ್ಸಿ ಮತ್ತು ಇನ್ನಿಬ್ಬರು

ಸಾಸ್ ಅಂದರೆ ಟ್ರ್ಯಾಕ್ಷನ್ ಕಾಂಪೌಂಡ್. ರಬ್ಬರನ್ನೋ ಫೋಮನ್ನೋ ಮೆದುಗೊಳಿಸಿ, ಮೇಲ್ಮೈಯನ್ನು ಅಂಟಂಟು ಮಾಡುವ ದ್ರಾವಣ. ಹಚ್ಚದೆ ಇಳಿಸಿದರೆ ಕಾರು ಮೊದಲ ತಿರುವಿನಲ್ಲೇ ಗಿರಗಿಟ್ಟಲೆ ಆಡುತ್ತದೆ, ಎರಡು ನಿಮಿಷ ಓಡಿದ ಮೇಲೆ ಸ್ವಲ್ಪ ಹದಕ್ಕೆ ಬರುತ್ತದೆ. ಐದು ನಿಮಿಷದ ಓಟದಲ್ಲಿ ಎರಡು ನಿಮಿಷ ಹೀಗೆ ಹೋದರೆ ಉಳಿಯುವುದೇನು?

ಕ್ರಮ ಹೀಗಿರಲಿ. ಓಟ ಮುಗಿದ ಕೂಡಲೇ ಟೈರು ಬಿಸಿ ಇರುವಾಗಲೇ ಮೋಟರ್ ಸ್ಪ್ರೇ ಅಥವಾ ಟ್ರ್ಯಾಕಿನವರು ಒಪ್ಪಿದ ಕ್ಲೀನರ್ ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಬೇಕು. ಹಳೆಯ ಸಾಸು, ಕಾರ್ಪೆಟ್ಟಿನ ಧೂಳು, ಎಳೆ ಸೇರಿದ ಪದರದ ಮೇಲೆ ಹೊಸ ಸಾಸ್ ಹಚ್ಚಿದರೆ ಅದು ರಬ್ಬರಿಗೆ ಇಳಿಯುವುದೇ ಇಲ್ಲ. ಹೊಸಬರ ಕಾರು ಮಧ್ಯಾಹ್ನದ ಹೊತ್ತಿಗೆ ಕಾರಣವಿಲ್ಲದೆ ಜಾರತೊಡಗುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ.

ಆಮೇಲೆ ಹಿಂದಿನ ಟೈರಿಗೆ ಪೂರ್ತಿ ಅಗಲಕ್ಕೆ, ಮುಂದಿನದಕ್ಕೆ ಒಳಗಿನ ಅರ್ಧಕ್ಕೆ ಮಾತ್ರ ತೆಳುವಾಗಿ ಹಚ್ಚಿ. ಮುಂದಿನದಕ್ಕೆ ಅರ್ಧ ಸಾಕು ಅನ್ನುವುದು ಆರಂಭದ ಅಳತೆ. ಕಾರು ತಿರುಗದಿದ್ದರೆ ಮುಕ್ಕಾಲಿಗೆ ಏರಿಸಿ. ಕಾಯುವ ಹೊತ್ತು ಫೋಮಿಗೆ 10ರಿಂದ 15 ನಿಮಿಷ, ರಬ್ಬರಿಗೆ 15ರಿಂದ 20 ನಿಮಿಷದಿಂದ ಶುರುಮಾಡಿ. ಓಟಕ್ಕೆ ಮೂರು ನಾಲ್ಕು ನಿಮಿಷ ಇರುವಾಗ ಪೂರ್ತಿ ಒಣಗುವ ಹಾಗೆ ಒರೆಸಬೇಕು. ಒದ್ದೆ ಟೈರು ಇಳಿಸಿದರೆ ಕಾರ್ಪೆಟ್ ಮೇಲೆ ಕಲೆ ಬೀಳುತ್ತದೆ, ಮೊದಲ ಒಂದೆರಡು ಸುತ್ತು ಕಾರೂ ಜಾರುತ್ತದೆ. ಎಷ್ಟು ಹಚ್ಚಿದಿರಿ ಅನ್ನುವುದಕ್ಕಿಂತ ಪ್ರತಿ ಸಲ ಒಂದೇ ಥರ ಹಚ್ಚಿದಿರಾ ಅನ್ನುವುದು ಮುಖ್ಯ. ಫೋನಿನಲ್ಲಿ ಟೈಮರ್ ಇಟ್ಟುಕೊಳ್ಳಿ.

ವಾಸನೆಯ ವಿಚಾರ ಬೇರೆ ಇದೆ. ಹಳೆಯ ಸಾಸುಗಳಲ್ಲಿ ಮೈಕೈ ನೋವಿನ ಮುಲಾಮಿನಲ್ಲಿರುವ ವಿಂಟರ್‌ಗ್ರೀನ್ ಎಣ್ಣೆಯ ಘಾಟು. ಮುಚ್ಚಿದ ಹಾಲಿನಲ್ಲಿ ನೂರು ಜನ ಹಚ್ಚಿದರೆ ತಲೆನೋವು ಗ್ಯಾರಂಟಿ, ಹಾಗಾಗಿ ಬಹಳಷ್ಟು ಒಳಾಂಗಣ ಟ್ರ್ಯಾಕುಗಳು ವಾಸನೆಯಿಲ್ಲದ್ದನ್ನು ಮಾತ್ರ ಬಿಡುತ್ತವೆ. ಯುರೋಪಿನ ಯೂರೋ ಟೂರಿಂಗ್ ಸೀರೀಸ್‌ನಂಥ ಕಡೆ ಇಂಥದೇ ಸಾಸ್ ಅಂತ ನಿಗದಿಯೂ ಮಾಡುತ್ತಾರೆ. ಪಂದ್ಯದ ಪ್ರಕಟಣೆಯನ್ನು ಓದದೆ ಬಾಟಲಿ ತೆಗೆದುಕೊಂಡು ಹೋಗಬೇಡಿ. ಕೈಗವಸು ಹಾಕಿಕೊಳ್ಳಿ, ಮಕ್ಕಳಿಗಂತೂ ಕಡ್ಡಾಯ.

ಶುಕ್ರವಾರದ ಪ್ರಾಕ್ಟೀಸಿನಲ್ಲಿ ಕಾರು ಬೆಣ್ಣೆಯಂತಿತ್ತು. ಭಾನುವಾರ ಅದೇ ಸೆಟಪ್, ಅದೇ ಟೈರು, ತಿರುವಿನ ನಟ್ಟನಡುವೆ ಪಲ್ಟಿ. ಏನು ಕೆಟ್ಟಿತು?
— ಡೆಟ್ರಾಯಿಟ್ ಹತ್ತಿರದಿಂದ ಒಬ್ಬರು. ಇದೇ ಪ್ರಶ್ನೆ ಟೊರಾಂಟೊದಿಂದಲೂ

ಏನೂ ಕೆಟ್ಟಿಲ್ಲ. ಟ್ರ್ಯಾಕ್ ಬದಲಾಗಿದೆ. ಡಾಂಬರಿನ ಮೇಲೆ ಆಡಿ ಬಂದವರಿಗೆ ಮೊದಲು ಅರ್ಥವಾಗದ ಸಂಗತಿ ಇದೇ. ಕಾರ್ಪೆಟ್ ಮೇಲೆ ಓಡಿದ ಪ್ರತಿ ಕಾರೂ ತಾನು ಹೋದ ಲೈನಿನಲ್ಲಿ ಸ್ವಲ್ಪ ಸಾಸು, ಸ್ವಲ್ಪ ರಬ್ಬರು ಬಿಟ್ಟು ಹೋಗುತ್ತದೆ. ಮೂರು ದಿನ ನೂರಾರು ಓಟ ನಡೆದ ಮೇಲೆ ಆ ಲೈನ್ ಕಪ್ಪಾಗಿ ಹೊಳೆಯುತ್ತದೆ, ಹಿಡಿತ ಏರುತ್ತಲೇ ಹೋಗುತ್ತದೆ. ಶುಕ್ರವಾರದ ಸೆಟಪ್ ಶುಕ್ರವಾರದ ಹಿಡಿತಕ್ಕೆ ಮಾಡಿದ್ದು.

ಮಗುಚುವುದರ ಲೆಕ್ಕ ಸರಳ. ತಿರುವಿನಲ್ಲಿ ಟೈರಿನ ಹಿಡಿತ ಕಾರನ್ನು ಹೊರಬದಿಗೆ ಮಗುಚಲು ನೋಡುತ್ತದೆ, ಕಾರಿನ ಭಾರ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಭಾರಕೇಂದ್ರ ಎತ್ತರಕ್ಕಿದ್ದಷ್ಟೂ, ಚಕ್ರಗಳ ನಡುವಿನ ಅಗಲ ಕಡಿಮೆಯಿದ್ದಷ್ಟೂ ಮಗುಚುವ ಬಲ ಗೆಲ್ಲುತ್ತದೆ. ಟೂರಿಂಗ್ ಕಾರಿನ ಅಗಲ 190 ಮಿ.ಮೀ.ಗೆ ಮೀರುವಂತಿಲ್ಲ, ಆದ್ದರಿಂದ ನಿಮ್ಮ ಕೈಲಿರುವುದು ಎರಡೇ: ಭಾರ ಕೆಳಗಿಳಿಸುವುದು, ಮುಂದಿನ ಹೊರ ಟೈರಿನ ಹಿಡಿತ ತಗ್ಗಿಸುವುದು. ಪಲ್ಟಿ ಹೊಡೆಯುವ ಕಾರನ್ನು ಯಾರಾದರೂ ಪಕ್ಕದಿಂದ ವಿಡಿಯೋ ಮಾಡಲಿ, ನಿಧಾನಗತಿಯಲ್ಲಿ ನೋಡಿ. ಮೊದಲು ಮುಂದಿನ ಹೊರ ಟೈರು ಮಡಚಿಕೊಂಡು ಅದರ ಪಕ್ಕದ ಅಂಚು ಕಾರ್ಪೆಟ್ಟನ್ನು ಕಚ್ಚುತ್ತದೆ, ಆಮೇಲೆ ಒಳಗಿನ ಎರಡೂ ಚಕ್ರ ಏಳುತ್ತವೆ.

ಈ ಕ್ರಮದಲ್ಲಿ ಮಾಡಿ, ಒಂದೊಂದೇ. ಮೊದಲು ಮುಂದಿನ ಟೈರಿನ ಸಾಸಿನ ಹೊತ್ತು ಅರ್ಧಕ್ಕಿಳಿಸಿ. ಇದಕ್ಕೆ ಸ್ಕ್ರೂಡ್ರೈವರ್ ಬೇಡ, ಪಲ್ಟಿ ಹೊಡೆಯುವ ಕಾರುಗಳಲ್ಲಿ ಅರ್ಧದಷ್ಟು ಇಷ್ಟಕ್ಕೇ ಸುಧಾರಿಸುತ್ತವೆ. ಆಮೇಲೆ ಗ್ರೌಂಡ್ ಕ್ಲಿಯರೆನ್ಸ್ ಅಳೆಯಿರಿ. 5.5 ಮಿ.ಮೀ. ಇದ್ದರೆ 5.0ಗೆ ಇಳಿಸಿ, ಆದರೆ ನಿಮ್ಮ ಪಂದ್ಯದ ಕನಿಷ್ಠ ಮಿತಿ ನೋಡಿಕೊಳ್ಳಿ. ಓಟದ ನಂತರ ಅಳೆದಾಗ ಮಿತಿಗಿಂತ ಕೆಳಗಿದ್ದರೆ ಆ ಓಟವೇ ಹೋಯಿತು. ಮೂರನೆಯದು ಟೈರಿನ ಪಕ್ಕೆಗೆ ಅಂಟು.

ಅಂಟಿನ ಕೆಲಸವನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ಅರೆಬರೆ ಮಾಡಿ ಕೆಡಿಸುವವರೇ ಹೆಚ್ಚು. ಬೇಕಾದದ್ದು ನೀರಿನಷ್ಟು ತೆಳುವಾದ ಸಿಎ ಅಂಟು, ನಾವು ಸೂಪರ್ ಗ್ಲೂ ಅನ್ನುವುದು. ಟೈರನ್ನು ಚೆನ್ನಾಗಿ ಒರೆಸಿ, ಸಾಸಿನ ಅಂಶ ಉಳಿದರೆ ಅಂಟು ಪದರ ಪದರವಾಗಿ ಎದ್ದು ಬರುತ್ತದೆ. ಚಕ್ರವನ್ನು ಮಲಗಿಸಿ ಹಿಡಿದು, ಹೊರಗಿನ ಪಕ್ಕೆಯ ಮೇಲೆ ರಿಮ್ಮಿನಿಂದ ಶುರುಮಾಡಿ ಮೇಲ್ಮೈಯ ಅಂಚಿನವರೆಗೆ ತೆಳುವಾಗಿ ಹರಿಯಲು ಬಿಡಿ, ಚಕ್ರ ತಿರುಗಿಸುತ್ತಾ ಹೋಗಿ. ನೆಲಕ್ಕೆ ತಾಗುವ ಮೇಲ್ಮೈಗೆ ಹನಿ ದಾಟಬಾರದು. ದಾಟಿದರೆ ಅಲ್ಲಿ ಟೈರು ಗಾಜಿನಂತಾಗಿ ಕಾರು ನೇರವಾಗಿ ಹಲಗೆಗೆ ಹೋಗುತ್ತದೆ. ಮೊದಲ ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಬೇಗ ಒಣಗಲೆಂದು ಆಕ್ಸಿಲರೇಟರ್ ಸಿಂಪಡಿಸಿದರೆ ಪದರ ಬಿರುಕು ಬಿಡುತ್ತದೆ, ತಾಳ್ಮೆಯೇ ಲೇಸು. ಒಣಗಿದ ಮೇಲೆ ಚೂಪಾದ ಅಂಚನ್ನು ನಯವಾದ ಮರಳುಕಾಗದದಿಂದ ತೀಡಿ. ಫೋಮ್ ಟೈರಾದರೆ ಅಂಟಿಗೆ ಮೊದಲು ಹೊರ ಅಂಚನ್ನು ಸ್ವಲ್ಪ ಗುಂಡಗೆ ಕೊರೆದುಕೊಳ್ಳಿ. ಎಲ್ಲರಿಗೂ ಒಂದೇ ಟೈರು ಹಂಚುವ ಪಂದ್ಯಗಳಲ್ಲಿ ಅಂಟು ಹಾಕಬಹುದೇ ಎಂದು ಮೊದಲೇ ಕೇಳಿ. ಕೆಲವು ಕಡೆ ನಿಷಿದ್ಧ.

ಇಷ್ಟಕ್ಕೂ ಬಗ್ಗದಿದ್ದರೆ ಸಸ್ಪೆನ್ಷನ್ನಿಗೆ ಕೈ ಹಾಕಿ: ಮುಂದಿನ ಆ್ಯಂಟಿ ರೋಲ್ ಬಾರ್ (ಕಾರು ವಾಲುವುದನ್ನು ತಡೆಯುವ ಸರಳು) ಒಂದು ಹಂತ ದಪ್ಪ, ಮುಂದಿನ ಸ್ಪ್ರಿಂಗ್ ಒಂದು ಹಂತ ಗಟ್ಟಿ, ಆರ್ಮ್ ಬುಡದಡಿ 0.5 ಮಿ.ಮೀ. ಶಿಮ್ (ತೆಳು ಬಿಲ್ಲೆ) ಸೇರಿಸಿ ರೋಲ್ ಸೆಂಟರ್, ಅಂದರೆ ಕಾರು ವಾಲುವ ಕೇಂದ್ರಬಿಂದು, ಮೇಲಕ್ಕೆ. ಟ್ರಾನ್ಸ್‌ಮಿಟರಿನಲ್ಲಿ ಸ್ಟೀರಿಂಗ್ ಡ್ಯುಯಲ್ ರೇಟ್, ಅಂದರೆ ಚಕ್ರ ಗರಿಷ್ಠ ಎಷ್ಟು ತಿರುಗಬೇಕೆಂಬ ಮಿತಿ, ಐದು ಶೇಕಡ ಇಳಿಸುವುದನ್ನೂ ಮರೆಯಬೇಡಿ. ಓಡಿಸುವಾಗಲೇ ಬೆರಳ ತುದಿಯಲ್ಲಿ ಮಾಡಬಹುದಾದ ಬದಲಾವಣೆ ಇದೊಂದೇ.

ಒಂದು ಮಾತು ಕಹಿ ಅನ್ನಿಸಬಹುದು. ಪಲ್ಟಿ ಹೊಡೆಯುವ ಕಾರಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ಸ್ಪ್ರಿಂಗ್ ಬದಲಿಸುವವರ ಕೈ ನೋಡಿ, ಸ್ಟೀರಿಂಗ್ ಚಕ್ರವನ್ನು ಬಾಗಿಲ ಚಿಲಕದ ಹಾಗೆ ಒಮ್ಮೆಗೇ ತಿರುವುತ್ತಿರುತ್ತಾರೆ. ಹಿಡಿತ ಏರಿದ ಟ್ರ್ಯಾಕಿನಲ್ಲಿ ಒಂದೂವರೆ ಅಡಿ ಮೊದಲೇ, ನಿಧಾನವಾಗಿ ತಿರುಗಿಸಲು ಶುರುಮಾಡಬೇಕು.

1:12 ಕಾರು ನೋಡಿದರೆ ಸರಳವಾಗಿದೆ, ಸಸ್ಪೆನ್ಷನ್ನೂ ಇಲ್ಲದ ಹಾಗಿದೆ. ಆದರೂ ಹಳೆಯ ಹುಲಿಗಳೆಲ್ಲ ಅದರಲ್ಲೇ ಯಾಕೆ?
— ಪಿಟ್ಸ್‌ಬರ್ಗ್

ಕಾರ್ಪೆಟ್ಟಿಗೆ ಹುಟ್ಟಿದ ಕಾರೇ ಅದು. ಅಂತರರಾಷ್ಟ್ರೀಯ ಸಂಸ್ಥೆ ಇಫ್ಮಾರ್ ಹುಟ್ಟಿದ್ದು 1979ರಲ್ಲಿ, 1:12 ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1982ರಲ್ಲಿ ಕ್ಯಾಲಿಫೋರ್ನಿಯಾದ ಆ್ಯನಹೈಮ್‌ನಲ್ಲಿ. ಟೂರಿಂಗ್ ಕಾರಿಗೆ ವಿಶ್ವ ಪಟ್ಟ ಬಂದದ್ದು 1998ರಲ್ಲಿ. ಒಂದೇ ಸೆಲ್ಲಿನ ಬ್ಯಾಟರಿ, ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ, ಫೋಮ್ ಟೈರು, ಸುಮಾರು 730 ಗ್ರಾಂ ತೂಕ, ಓಟ ಎಂಟು ನಿಮಿಷ. ಸ್ಕ್ರೂ ಕಡಿಮೆ, ಆದರೆ ಕ್ಷಮೆಯೂ ಕಡಿಮೆ: ಟೈರಿನ ವ್ಯಾಸದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೆ ಕಾರಿನ ಸ್ವಭಾವವೇ ಬೇರೆ. ಮೊದಲ ಕಾರಾಗಿ ಬೇಡ, ಎರಡನೆಯದಾಗಿ ಖಂಡಿತ ಇರಲಿ.

ರೋಲ್‌ಔಟ್, ಎಫ್‌ಡಿಆರ್ ಅಂತ ಗೇರ್ ಲೆಕ್ಕ ಹೇಳುತ್ತಾರೆ. ಬಿಡಿಸಿ ಹೇಳುವಿರಾ? ನೇರ ದಾರಿಯಲ್ಲಿ ನನ್ನ ಕಾರನ್ನು ಎಲ್ಲರೂ ಹಿಂದೆ ಹಾಕುತ್ತಾರೆ.
— ಬಫಲೋ, ನ್ಯೂಯಾರ್ಕ್

ಟೂರಿಂಗ್ ಕಾರಿಗೆ ಎಫ್‌ಡಿಆರ್. ಚಕ್ರ ಒಂದು ಸುತ್ತು ಹೋಗಲು ಮೋಟರ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ. ದೊಡ್ಡ ಸ್ಪರ್ ಗೇರಿನ ಹಲ್ಲನ್ನು ಮೋಟರಿನ ಮೇಲಿರುವ ಚಿಕ್ಕ ಪಿನಿಯನ್ನಿನ ಹಲ್ಲಿನಿಂದ ಭಾಗಿಸಿ, ಕಾರಿನ ಒಳ ಅನುಪಾತದಿಂದ ಗುಣಿಸಿ. ಒಳ ಅನುಪಾತ ಕೈಪಿಡಿಯಲ್ಲಿರುತ್ತದೆ, ಬಹಳ ಕಾರುಗಳಲ್ಲಿ 1.9. ಸ್ಪರ್ 88, ಪಿನಿಯನ್ 46 ಆದರೆ 88 ÷ 46 × 1.9, ಅಂದರೆ 3.63. ಪಿನಿಯನ್ ಒಂದು ಹಲ್ಲು ಇಳಿಸಿ 45 ಮಾಡಿದರೆ 3.72. ಸಂಖ್ಯೆ ಚಿಕ್ಕದಾದಷ್ಟೂ ಗರಿಷ್ಠ ವೇಗ ಹೆಚ್ಚು, ತಿರುವಿನಿಂದ ಎದ್ದು ಹೊರಡುವ ಚುರುಕು ಕಡಿಮೆ, ಮೋಟರ್ ಬಿಸಿಯೂ ಹೆಚ್ಚು.

1:12ಗೆ ರೋಲ್‌ಔಟ್, ಮೋಟರ್ ಒಂದು ಸುತ್ತು ತಿರುಗಿದರೆ ಕಾರು ಎಷ್ಟು ಮಿ.ಮೀ. ಮುಂದೆ ಹೋಗುತ್ತದೆ ಅನ್ನುವ ಲೆಕ್ಕ. ಟೈರಿನ ವ್ಯಾಸ × 3.14 × ಪಿನಿಯನ್ ÷ ಸ್ಪರ್. ಫೋಮ್ ಟೈರು ಸವೆಯುವುದರಿಂದ ಇಲ್ಲಿ ಪ್ರತಿ ಸಲ ಕ್ಯಾಲಿಪರ್ ಬೇಕು. 40.5 ಮಿ.ಮೀ. ಟೈರು, ಪಿನಿಯನ್ 52, ಸ್ಪರ್ 76 ಇದ್ದರೆ ಸುಮಾರು 87 ಮಿ.ಮೀ. ಬರುತ್ತದೆ. ಟೈರು 39.5ಕ್ಕೆ ಸವೆದರೆ ಅದೇ ಗೇರಿನಲ್ಲಿ 84.9. ಪಿನಿಯನ್ 53 ಮಾಡಿದರೆ 86.5, ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬಂದಿರಿ. ಬೆಳಿಗ್ಗೆ ವೇಗವಿದ್ದ 1:12 ಸಂಜೆಗೆ ಮಂಕಾದರೆ ಬ್ಯಾಟರಿ ಬಯ್ಯುವ ಮೊದಲು ಟೈರು ಅಳೆಯಿರಿ.

ನಿಮ್ಮ ಸಮಸ್ಯೆಗೆ: ಅದೇ ಮೋಟರ್ ಇರುವ ಮೂವರನ್ನು ಗೇರ್ ಕೇಳಿ, ನಡುವಿನ ಸಂಖ್ಯೆಯಿಂದ ಶುರುಮಾಡಿ. ಓಟ ಮುಗಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಮೋಟರ್ ಮೈ ನೋಡಿ. 60 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಒಂದು ಹಲ್ಲು ಏರಿಸಲು ಜಾಗವಿದೆ. 70ರಿಂದ 75 ಇದ್ದರೆ ಅಲ್ಲೇ ನಿಲ್ಲಿ. 80 ದಾಟಿದರೆ ಇಳಿಸಿ, ಇಲ್ಲವಾದರೆ ರೋಟರಿನ ಅಯಸ್ಕಾಂತ ಸೊರಗುತ್ತಾ ಹೋಗುತ್ತದೆ. ಅಂಥ ಮೋಟರು ಆಮೇಲೆ ಇನ್ನಷ್ಟು ಬಿಸಿಯಾಗುತ್ತದೆ, ವೇಗ ಮಾತ್ರ ಬರುವುದಿಲ್ಲ. ಮೋಟರಿನ ಟರ್ನ್ ನಿಗದಿಯಾಗಿರುವ ಸ್ಟಾಕ್ ಕ್ಲಾಸುಗಳಲ್ಲಿ ಸ್ಪೀಡ್ ಕಂಟ್ರೋಲರ್ 'ಬ್ಲಿಂಕಿ' ಸ್ಥಿತಿಯಲ್ಲೇ, ಅಂದರೆ ಕೃತಕ ಟೈಮಿಂಗ್ ಸೊನ್ನೆ ಎಂದು ತೋರಿಸುವ ದೀಪ ಮಿಣುಕುತ್ತಲೇ ಇರಬೇಕು. ಹಾಗಾಗಿ ಗೇರು ಮತ್ತು ಮೋಟರ್ ಹಿಂಬದಿಯ ಟೈಮಿಂಗ್ ಇವೆರಡೇ ನಿಮ್ಮ ಆಯುಧ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ.

ಇನ್ನೊಂದು, ನೇರ ದಾರಿಯಲ್ಲಿ ಹಿಂದೆ ಬೀಳುವ ಕಾರುಗಳಲ್ಲಿ ಎಷ್ಟೋ ಮೋಟರಿನ ತಪ್ಪಲ್ಲ. ನೇರ ದಾರಿಗೆ ಬರುವ ತಿರುವಿನಲ್ಲಿ ಅಗಲವಾಗಿ ಹೋಗಿ ಥ್ರಾಟಲ್ ತಡವಾಗಿ ಒತ್ತುವುದರಿಂದ ಬೀಳುವ ಅಂತರ. ಹೊಸ ಮೋಟರಿಗೆ ಸುರಿಯುವ ದುಡ್ಡನ್ನು ಟೈರಿಗೂ ಪ್ರಾಕ್ಟೀಸಿಗೂ ಹಾಕಿ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ.

ಎಡ ತಿರುವು ಚೆನ್ನಾಗಿದೆ, ಬಲ ತಿರುವಿನಲ್ಲಿ ಕಾರು ತಿರುಗುವುದಿಲ್ಲ. ಥ್ರಾಟಲ್ ಒತ್ತಿದರೆ ಒಂದು ಕಡೆಗೆ ಎಳೆಯುತ್ತದೆ.
— ಷಿಕಾಗೊ

ಕಾರಿನಲ್ಲಿ 'ಟ್ವೀಕ್' ಇದೆ, ಚಾಸಿ ಸ್ವಲ್ಪ ತಿರುಚಿಕೊಂಡಿದೆ. ಸಾಮಾನ್ಯವಾಗಿ ಗಟ್ಟಿ ಗುದ್ದಾಟದ ನಂತರ, ಅಥವಾ ಮೇಲಿನ ಡೆಕ್ಕಿನ (ಚಾಸಿಯ ಮೇಲ್ತಟ್ಟೆಯ) ಸ್ಕ್ರೂಗಳನ್ನು ಒಂದು ಕಡೆಯಿಂದ ಬಿಗಿಯುತ್ತಾ ಹೋದಾಗ ಆಗುತ್ತದೆ. ಕಾರನ್ನು ಗಾಜು ಅಥವಾ ಗ್ರಾನೈಟ್ ಹಲಗೆಯ ಮೇಲಿಡಿ. ಆ್ಯಂಟಿ ರೋಲ್ ಬಾರ್‌ಗಳನ್ನು ಬಿಚ್ಚಿಡಿ, ಅವನ್ನು ಹಾಕಿಟ್ಟೇ ನೋಡಿದರೆ ತಪ್ಪು ಉತ್ತರ ಬರುತ್ತದೆ. ಚಾಸಿಯ ಮುಂಭಾಗದ ಸರಿ ಮಧ್ಯಕ್ಕೆ ಚಾಕುವಿನ ಅಲಗು ಕೊಟ್ಟು ನಿಧಾನವಾಗಿ ಎತ್ತಿ. ಎರಡೂ ಮುಂದಿನ ಚಕ್ರ ಒಟ್ಟಿಗೆ ನೆಲ ಬಿಡಬೇಕು. ಹಿಂದೆಯೂ ಹೀಗೇ.

ಒಂದು ಚಕ್ರ ಮೊದಲು ಎದ್ದರೆ ಶಾಕ್‌ಗಳನ್ನು ಬಿಚ್ಚಿ ಎರಡರ ಉದ್ದ ಅಳೆಯಿರಿ, ಕಾಲು ಮಿ.ಮೀ. ವ್ಯತ್ಯಾಸವೂ ಗೊತ್ತಾಗುತ್ತದೆ. ಆರ್ಮ್ ಎಷ್ಟು ಕೆಳಗಿಳಿಯಬೇಕೆಂದು ತಡೆಯುವ ಡ್ರೂಪ್ ಸ್ಕ್ರೂ ಎರಡೂ ಕಡೆ ಸಮವಿರಲಿ. ಆಮೇಲೆ ಮೇಲಿನ ಡೆಕ್ಕಿನ ಸ್ಕ್ರೂಗಳನ್ನೆಲ್ಲ ಸಡಿಲಿಸಿ, ಚಾಸಿಯನ್ನು ಹಲಗೆಗೆ ಒತ್ತಿ ಹಿಡಿದು, ಕರ್ಣಕ್ಕೆ ಕರ್ಣ ಬಿಗಿಯಿರಿ. ಕೊನೆಗೆ ಬಾರ್ ಹಾಕಿ ಮತ್ತೆ ಪರೀಕ್ಷಿಸಿ, ಈಗ ವ್ಯತ್ಯಾಸ ಬಂದರೆ ದೋಷ ಬಾರಿನ ಕೊಂಡಿಯ ಉದ್ದದಲ್ಲಿದೆ. ಎಡ ಬಲದ ತೂಕವೂ ಸಮವಿರಬೇಕು. ಬ್ಯಾಟರಿ ಒಂದು ಬದಿ, ಮೋಟರ್ ಇನ್ನೊಂದು ಬದಿ ಇರುವ ಕಾರಿನಲ್ಲಿ ಹಗುರ ಬದಿಗೆ ಸೀಸದ ಬಿಲ್ಲೆ ಅಂಟಿಸುವುದು ಮಾಮೂಲಿ.

ಅತಿ ವೇಗದ ಒಂದು ಸುತ್ತು ನನ್ನದೇ. ಆದರೂ ಮೂರನೇ ದರ್ಜೆಯ ಅಂತಿಮ ಓಟ ಸಿ ಮೇನ್‌ಗೆ ಹಾಕಿದರು. ಇದ್ಯಾವ ನ್ಯಾಯ?
— ಷಾರ್ಲೆಟ್, ನಾರ್ತ್ ಕ್ಯಾರೊಲೈನ

ಕ್ವಾಲಿಫೈಯಿಂಗ್‌ನಲ್ಲಿ ಒಂದು ಸುತ್ತಿನ ವೇಗಕ್ಕೆ ಬೆಲೆಯಿಲ್ಲ. ಐದು ನಿಮಿಷದಲ್ಲಿ ಎಷ್ಟು ಸುತ್ತು, ಕೊನೆಯ ಸುತ್ತು ಮುಗಿದಾಗ ಗಡಿಯಾರದಲ್ಲಿ ಎಷ್ಟು, ಇಷ್ಟೇ ಲೆಕ್ಕ. ಒಬ್ಬರು ಪ್ರತಿ ಸುತ್ತೂ 11.7 ಸೆಕೆಂಡಿನಂತೆ ಎಲ್ಲೂ ಗುದ್ದದೆ ಓಡಿಸಿದರೆ 25 ಸುತ್ತು 292.5 ಸೆಕೆಂಡಿಗೆ ಮುಗಿದು, ಐದು ನಿಮಿಷ ತುಂಬುವ ಮೊದಲೇ 26ನೆಯದು ಶುರುವಾಗಿರುತ್ತದೆ. ಫಲಿತಾಂಶ 26 ಸುತ್ತು, 5:04.2. ನೀವು 11.6ರಂತೆ ಓಡಿಸಿ ಎರಡು ಸಲ ಹಲಗೆಗೆ ಬಡಿದು ತಲಾ ಆರು ಸೆಕೆಂಡು ಕಳೆದರೆ 25ನೆಯ ಸುತ್ತು ಮುಗಿಯುವುದು 302 ಸೆಕೆಂಡಿಗೆ. ಫಲಿತಾಂಶ 25 ಸುತ್ತು, 5:02.0. ಪ್ರತಿ ಸುತ್ತಿಗೂ ವೇಗವಾಗಿದ್ದು ಇಡೀ ಒಂದು ಸುತ್ತು ಹಿಂದೆ.

ದೊಡ್ಡ ಪಂದ್ಯಗಳಲ್ಲಿ ಪ್ರತಿ ಕ್ವಾಲಿಫೈಯಿಂಗ್ ಓಟಕ್ಕೂ ಅಂಕ ಕೊಡುವ ಪದ್ಧತಿ ಹೆಚ್ಚು. ಸಾಮಾನ್ಯವಾಗಿ ಮೊದಲಿಗರಿಗೆ 0, ಎರಡನೆಯವರಿಗೆ 2, ಮೂರನೆಯವರಿಗೆ 3. ನಿಮ್ಮ ಒಳ್ಳೆಯ ಕೆಲವು ಓಟ ಮಾತ್ರ ಹಿಡಿಯುತ್ತಾರೆ. ಒಂದು ಓಟ ಹಾಳಾದರೆ ಎದೆಗುಂದಬೇಕಿಲ್ಲ. ಎ ಮೇನ್ ಹಲವು ಕಡೆ ಮೂರು ಓಟ, ಅದರಲ್ಲಿ ಒಳ್ಳೆಯ ಎರಡು ಲೆಕ್ಕಕ್ಕೆ. ಕ್ವಾಲಿಫೈಯಿಂಗ್‌ನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ನಿಮ್ಮ ಕಾರು ಗೆರೆ ದಾಟಿದಾಗ ನಿಮ್ಮ ಗಡಿಯಾರ ಶುರು. ಹಿಂದೆ ವೇಗದವರು ಬಂದರೆ ದಾರಿ ಬಿಡಿ, ಅವರೊಡನೆ ಸೆಣಸುವುದು ನಿಮಗೂ ನಷ್ಟ.

ಆ್ಯಕ್ಸಲ್ ಬೇರಿಂಗ್ ಒಂದೇ ತಿಂಗಳಿಗೆ ಹೋಯಿತು.
— ಎಡ್ಮಂಟನ್

ಕಾರ್ಪೆಟ್ಟಿನ ಎಳೆ. ಆ್ಯಕ್ಸಲಿಗೆ ಕೂದಲಿನಂತೆ ಸುತ್ತಿಕೊಂಡು ಬೇರಿಂಗಿನ ಅಂಚಿಗೆ ಸೇರುತ್ತದೆ, ಗ್ರೀಸನ್ನೆಲ್ಲ ಹೀರುತ್ತದೆ. ದಿನದ ಕೊನೆಗೆ ನಾಲ್ಕೂ ಚಕ್ರ ಬಿಚ್ಚಿ ಚಿಮಟದಿಂದ ಎಳೆ ತೆಗೆಯಿರಿ. ಸ್ಪರ್ ಗೇರು, ಬೆಲ್ಟಿನ ಹಲ್ಲು, ಮೋಟರ್ ಫ್ಯಾನ್ ಸಹ ನೋಡಿ.

ಬೆಂಗಳೂರಿನಿಂದ ಮಗಳ ಮನೆಗೆ ಹೋಗುವಾಗ ನನ್ನ ಟೂರಿಂಗ್ ಕಾರು ಕೊಂಡೊಯ್ದು ಫ್ಲಾರಿಡಾದಲ್ಲಿ ಆಡಬೇಕೆಂದಿದ್ದೇನೆ. ಬ್ಯಾಟರಿ ವಿಮಾನದಲ್ಲಿ ಬಿಡುತ್ತಾರೆಯೇ?
— ಜಯನಗರ, ಬೆಂಗಳೂರು

ಬಿಡುತ್ತಾರೆ, ಕ್ಯಾಬಿನ್ ಬ್ಯಾಗಿನಲ್ಲಿ ಮಾತ್ರ. ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಮಿತಿ ಒಂದೊಂದು ಬ್ಯಾಟರಿಗೆ 100 ವ್ಯಾಟ್-ಅವರ್. ಎರಡು ಸೆಲ್ಲಿನ 6000 ಎಂಎಎಚ್ ಬ್ಯಾಟರಿ 7.4 × 6, ಅಂದರೆ 44.4 ವ್ಯಾಟ್-ಅವರ್, ಮಿತಿಯ ಅರ್ಧಕ್ಕೂ ಕಡಿಮೆ. ಆ ಸಂಖ್ಯೆ ಬ್ಯಾಟರಿ ಮೇಲೆ ಮುದ್ರಿತವಾಗಿರಲಿ, ಭದ್ರತಾ ಸಿಬ್ಬಂದಿ ಹುಡುಕುವುದು ಅದನ್ನೇ. ಸೆಲ್ಲಿಗೆ 3.8 ವೋಲ್ಟ್‌ಗೆ ಇಳಿಸಿ, ಕನೆಕ್ಟರ್ ತೂತುಗಳಿಗೆ ಟೇಪ್ ಹಚ್ಚಿ, ಒಂದೊಂದನ್ನೂ ಬೇರೆ ಚೀಲದಲ್ಲಿಡಿ. ಎಷ್ಟು ಒಯ್ಯಬಹುದೆಂದು ವಿಮಾನ ಕಂಪನಿಗೆ ಬರೆದು ಉತ್ತರ ತರಿಸಿಕೊಂಡು ಮುದ್ರಿಸಿ ಇಟ್ಟುಕೊಳ್ಳಿ. ಸಾಸು, ಮೋಟರ್ ಸ್ಪ್ರೇ, ಸಿಎ ಅಂಟು ಒಯ್ಯಲೇಬೇಡಿ, ಅಲ್ಲೇ ಕೊಳ್ಳಿ.

ಎರಡು ಎಚ್ಚರಿಕೆ. ಅಮೆರಿಕದ ಆರ್‌ಸಿ ಪಂದ್ಯಗಳ ಸಂಸ್ಥೆ ರೋರ್‌ನ ನಿಯಮ ಪಾಲಿಸುವ ಪಂದ್ಯಗಳಲ್ಲಿ ಅನುಮೋದಿತ ಪಟ್ಟಿಯ ಗಟ್ಟಿ ಕವಚದ ಬ್ಯಾಟರಿ ಮಾತ್ರ ನಡೆಯುತ್ತದೆ, ಮಾದರಿ ಸಂಖ್ಯೆ ಹೋಲಿಸಿ ನೋಡಿ. ಮತ್ತೊಂದು, ಚಾರ್ಜರಿನ ಪವರ್ ಸಪ್ಲೈ. 100–240 ವೋಲ್ಟ್ ತಾನೇ ಹೊಂದಿಸಿಕೊಳ್ಳುವಂಥದಾದರೆ ಚಿಂತೆಯಿಲ್ಲ. ಪಕ್ಕದಲ್ಲಿ 115/230 ಸ್ವಿಚ್ ಇರುವಂಥದಾದರೆ ಅಲ್ಲಿ 115ಕ್ಕೆ ಇಡಿ. ಮನೆಗೆ ಬಂದ ಮೇಲೆ ಮತ್ತೆ 230ಕ್ಕೆ ತರಲು ಮರೆತು ಪ್ಲಗ್ ಹಾಕಿದರೆ ಒಂದು ಢಂ ಶಬ್ದ, ಅಷ್ಟೇ.

ಕಾರು ನಿಯಮಕ್ಕೆ ಸರಿಯಿದೆಯೇ ಎಂದು ನೋಡುವ ಟೆಕ್ ಇನ್‌ಸ್ಪೆಕ್ಷನ್ನಿನಲ್ಲಿ ಹೆಚ್ಚಾಗಿ ಎಲ್ಲಿ ಸಿಕ್ಕಿಬೀಳುತ್ತಾರೆ?
— ಆಸ್ಟಿನ್

ತೂಕ, ಗ್ರೌಂಡ್ ಕ್ಲಿಯರೆನ್ಸ್, ಬ್ಯಾಟರಿ ವೋಲ್ಟೇಜ್, ಬಾಡಿಯ ಹಿಂದಿನ ರೆಕ್ಕೆ. ತೂಕವನ್ನು ಮಿತಿಗಿಂತ 5 ಗ್ರಾಂ ಮೇಲೆ ಇಡಿ, ನಿಮ್ಮ ತಕ್ಕಡಿ ಅವರ ತಕ್ಕಡಿ ಒಂದೇ ಹೇಳುವುದಿಲ್ಲ. ಎರಡು ಸೆಲ್ಲಿಗೆ 8.40 ವೋಲ್ಟ್‌ಗೆ ಚಾರ್ಜ್ ಮಾಡಿ. ಆದರೆ ಚಾರ್ಜರ್ 8.40 ತೋರಿಸಿದರೂ ಅವರ ಮೀಟರ್ 8.43 ತೋರಿಸಬಹುದು, ಮೊದಲ ದಿನವೇ ಅವರ ಮೀಟರಿಗೆ ಹಿಡಿದು ಹೋಲಿಸಿಕೊಳ್ಳಿ.

ಬೆಂಗಳೂರಿನಲ್ಲಿ ನಾವು ಕೆಲವರು ಸೇರಿ ಹಾಲ್ ಬಾಡಿಗೆಗೆ ಪಡೆದು ಕಾರ್ಪೆಟ್ ಟ್ರ್ಯಾಕ್ ಹಾಸಬೇಕೆಂದಿದ್ದೇವೆ. ಪೆಂಡಾಲ್‌ನವರ ಕಾರ್ಪೆಟ್ ಆಗುತ್ತದೆಯೇ?
— ರಾಜಾಜಿನಗರ, ಬೆಂಗಳೂರು

ಕಾರ್ಪೆಟ್ಟಿನ ಜಾತಿ ಸರಿ, ಗುಣಮಟ್ಟ ಸಾಲದು. ಪೈಪೋಟಿ ಟ್ರ್ಯಾಕುಗಳಲ್ಲಿ ಬಳಸುವುದೂ ಕುಣಿಕೆಯಿಲ್ಲದ, ಸೂಜಿಯಿಂದ ಒತ್ತಿ ಮಾಡಿದ ಚಪ್ಪಟೆ ಕಾರ್ಪೆಟ್ಟೇ. ಮದುವೆ, ವಸ್ತುಪ್ರದರ್ಶನಕ್ಕೆ ಹಾಸುವುದು ಅದರ ತೆಳು ತಮ್ಮ. ಎಳೆ ಸಡಿಲ, ಎರಡು ವಾರಕ್ಕೆ ಆ್ಯಕ್ಸಲ್ ತುಂಬ ಕೂದಲು. ಬೆರಳುಗುರಿನಿಂದ ಗಟ್ಟಿಯಾಗಿ ಕೆರೆದಾಗ ಎಳೆ ಎದ್ದು ಬರದಂಥ ದಟ್ಟವಾದದ್ದನ್ನು, ಆಫೀಸು ನೆಲಕ್ಕೆ ಮಾರುವವರ ಬಳಿ ಹುಡುಕಿ. ಗೆರೆ ಗೆರೆ ಇರುವುದು ಬೇಡ, ಕಾರು ಗೆರೆಯ ದಾರಿ ಹಿಡಿಯುತ್ತದೆ.

ಎಲ್ಲ ಸುರುಳಿಗಳನ್ನೂ ಒಂದೇ ದಿಕ್ಕಿಗೆ ಹಾಸಿ. ಒಂದು ಸುರುಳಿ ತಿರುಗುಮುರುಗಾದರೆ ಅಲ್ಲಿ ಮಾತ್ರ ಹಿಡಿತ ಬೇರೆ. ಒಂದು ರಾತ್ರಿ ಬಿಚ್ಚಿಟ್ಟು ಮಡಿಕೆ ಹೋದ ಮೇಲೆ ಎಳೆದು, ಎರಡೂ ಬದಿ ಅಂಟುವ ಬಟ್ಟೆ ಟೇಪಿನಿಂದ ಅಂಟಿಸಿ. ಹೊಲಿಗೆಯಂಥ ಸಂದು ಮುಖ್ಯ ತಿರುವಿನ ತುದಿಗೆ ಬಾರದಂತೆ ಯೋಚಿಸಿ. 12 × 24 ಮೀಟರ್ ಜಾಗವಿದ್ದರೆ 1:10 ಕಾರಿಗೆ ಎರಡೂವರೆ ಮೀಟರ್ ಅಗಲದ ದಾರಿಗಳು ಚೆನ್ನಾಗಿ ಕೂರುತ್ತವೆ. ಕಂಬವಿರುವ ಹಾಲ್ ಬೇಡ, ಡ್ರೈವರ್ ಕಣ್ಣಿಗೆ ಕಾರು ಮರೆಯಾಗುತ್ತದೆ. ಡ್ರೈವರುಗಳು ನಿಲ್ಲುವ ವೇದಿಕೆ ಕನಿಷ್ಠ ನಾಲ್ಕು ಅಡಿ ಎತ್ತರವಿರಲಿ. ಅಂಚಿನ ಹಲಗೆ ಎತ್ತರಕ್ಕಿಂತ ಮುಖ್ಯವಾದದ್ದು ಅದರಡಿ ಕಾರು ನುಗ್ಗದಿರುವುದು.

ಲ್ಯಾಪ್ ಎಣಿಕೆಯ ತಂತಿ ಕುಣಿಕೆಯನ್ನು ಕಾರ್ಪೆಟ್ ಹಾಸುವ ಮೊದಲೇ ನೇರ ದಾರಿಗೆ ಅಡ್ಡಲಾಗಿ ಹಾಕಬೇಕು, ಎರಡು ತಂತಿಗಳ ನಡುವೆ ಸುಮಾರು 30 ಸೆಂ.ಮೀ. ಅಂತರ. ಪೂರ್ತಿ ಹಾಸುವ ಮೊದಲು ಒಂದು ಟ್ರಾನ್ಸ್‌ಪಾಂಡರ್ ಕೈಯಲ್ಲಿ ಹಿಡಿದು ದಾಟಿಸಿ ನೋಡಿ. ಕಾಂಕ್ರೀಟಿನೊಳಗಿನ ಕಬ್ಬಿಣ ಕೆಲವು ಕಡೆ ಸಂಕೇತ ಕೆಡಿಸುತ್ತದೆ, ಅರ್ಧ ಮೀಟರ್ ಸರಿಸಿದರೆ ಸರಿಹೋಗುವುದುಂಟು. ಮಳೆಗಾಲದ ಮೂರು ತಿಂಗಳು ಕಾರ್ಪೆಟ್ ಥಂಡಿ ಹಿಡಿಯುತ್ತದೆ. ಬೆಳಿಗ್ಗೆ ಬಂದ ಕೂಡಲೇ ಫ್ಯಾನ್ ಹಾಕಿ ಒಂದು ಗಂಟೆ ಬಿಟ್ಟು ಓಡಿಸಿ.

ನನ್ನ ಓಟ ಮುಗಿದ ಮೇಲೆ ಮಾರ್ಷಲ್ ನಿಲ್ಲಲು ಹೋಗಲಿಲ್ಲ. ಒಳ್ಳೆಯ ಫಲಿತಾಂಶ ಕಿತ್ತುಕೊಂಡರು.
— ಊರು ಬರೆದಿಲ್ಲ

ಸರಿಯಾಗಿಯೇ ಮಾಡಿದರು. ನಿಮ್ಮ ಓಟದ ನಂತರದ ಓಟಕ್ಕೆ ನೀವೇ ಮಾರ್ಷಲ್, ಇದು ಎಲ್ಲೆಡೆಯ ನಿಯಮ. ಕಾರು ಮೇಜಿನ ಮೇಲಿಟ್ಟು, ಬ್ಯಾಟರಿ ಕಳಚಿ, ನೇರ ನಿಮ್ಮ ಜಾಗಕ್ಕೆ ಹೋಗಿ. ಫೋನ್ ಜೇಬಿನಲ್ಲಿರಲಿ. ಕಾರು ಮಗುಚಿದರೆ ಬರುವ ಕಾರುಗಳನ್ನು ಮೊದಲು ನೋಡಿ, ಆಮೇಲೆ ಎತ್ತಿ, ಚಕ್ರ ಹಿಡಿಯದೆ ಬಾಡಿಯ ಎರಡು ಪಕ್ಕ ಹಿಡಿದು, ಮುಖ ಮುಂದಕ್ಕೆ ಮಾಡಿ ಇಡಿ. ಕಾರು ಮುರಿದಿದ್ದರೆ ಟ್ರ್ಯಾಕಿನಿಂದ ಹೊರಗಿಡಿ, ಅಲ್ಲೇ ರಿಪೇರಿಗೆ ನಿಲ್ಲಬೇಡಿ. ಎದ್ದು ನಿಲ್ಲಲಾಗದ ಕಾರಣವಿದ್ದರೆ ಬದಲಿ ವ್ಯಕ್ತಿಯನ್ನು ಮೊದಲೇ ಓಟದ ನಿರ್ದೇಶಕರಿಗೆ ಹೇಳಿ ನಿಲ್ಲಿಸಬಹುದು.